ಗಾಜಿನ ಹಿಂದಿನ ಕದಿರು ಮಳೆಗಾಲ ದಾಟೀತೇ?

ಪ್ರಶ್ನೆ: ವಿರಾಜಪೇಟೆಯಲ್ಲಿ ನಮ್ಮ ಅಪ್ಪನ ಬೇಕರಿ ಇದೆ. ಕಳೆದ ಹುತ್ತರಿಗೆ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ನಾನು ವಿಡಿಯೊ ನೋಡಿಕೊಂಡು ಮಾಮೂಲಿ ಬ್ರೆಡ್ ಹಿಟ್ಟಿನಲ್ಲೇ ಒಂದೂವರೆ ಅಡಿ ಎತ್ತರದ ಕದಿರಿನ ಕಟ್ಟು ಮಾಡಿ, ಚೆನ್ನಾಗಿ ಕೆಂಪಗೆ ಬೇಯಿಸಿ, ರಸ್ತೆ ಕಡೆಯ ಗಾಜಿನ ಕಿಟಕಿಯಲ್ಲಿ ಇಟ್ಟಿದ್ದೆ. ಬಂದವರೆಲ್ಲ ಫೋಟೊ ತೆಗೆದುಕೊಂಡು ಹೋದರು. ಫೆಬ್ರವರಿಯಲ್ಲಿ ಬುಡದಲ್ಲಿ ಸಣ್ಣ ಪುಡಿ ಉದುರತೊಡಗಿತು. ನೋಡಿದರೆ ಸೂಜಿ ಚುಚ್ಚಿದ ಹಾಗೆ ತೂತುಗಳು. ಜೂನ್ ಹೊತ್ತಿಗೆ ತೆನೆಗಳು ಜೋತುಬಿದ್ದು ಹಿಂಬದಿಗೆಲ್ಲ ಬೂಷ್ಟು. ವಾರ್ನಿಷ್ ಹೊಡೆದಿದ್ದರೆ ಉಳಿಯುತ್ತಿತ್ತೇ? ಉಪ್ಪಿನ ಹಿಟ್ಟು ವರ್ಷಗಟ್ಟಲೆ ಬಾಳುತ್ತದೆ ಎನ್ನುತ್ತಾರಲ್ಲ, ಹೌದೇ? ಮುಂದಿನ ದಸರಾಕ್ಕೆ ಒಂದು ಮಂಟಪ ಮಾಡುವ ಆಸೆಯೂ ಇದೆ. ನಮ್ಮಲ್ಲಿ ಅಪ್ಪನ ಕಾಲದ ಸೌದೆ ಬೋರ್ಮವೂ (ಕಟ್ಟಿಗೆ ಉರಿಸುವ ಬೇಕರಿ ಒಲೆ) ಇದೆ, ಚಿಕ್ಕದೊಂದು ಕರೆಂಟ್ ಓವನ್ನೂ ಇದೆ. ಅಜ್ಜಿ ಮಾತ್ರ ‘ತಿನ್ನೋ ಹಿಟ್ಟನ್ನ ಹೀಗೆ ಹಾಳು ಮಾಡ್ತೀಯಲ್ಲ’ ಅಂತ ಬೈಯುತ್ತಲೇ ಇದ್ದಾರೆ.

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಕತ್ತರಿ ಕೆಲಸ ಚೊಕ್ಕವಾಗಿದೆ, ಕಟ್ಟಿನ ನಡುವಿನ ಹುರಿಯಂತೂ ಹೊಸಬರ ಕೈಯದು ಅನ್ನಿಸಲಿಲ್ಲ. ತೆನೆಗಳ ಬಗ್ಗೆ ನನ್ನದೊಂದು ತಕರಾರಿದೆ, ಅದು ಆಮೇಲೆ. ಎಡವಿದ್ದು ಒಂದೇ ಕಡೆ: ಅದನ್ನು ನೀವು ಬ್ರೆಡ್ಡಿನ ಹಾಗೆ ಬೇಯಿಸಿದಿರಿ, ಅದಕ್ಕೆ ಬೇಕಿದ್ದದ್ದು ಒಣಗಿಸುವುದು. ಹೊರಗೆ ಎಷ್ಟೇ ಕೆಂಪಗೆ ಕಂಡರೂ ಓವನ್‌ನಿಂದ ತೆಗೆದ ಬ್ರೆಡ್ಡಿನ ಒಳತಿರುಳಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೇ ಇರುತ್ತದೆ. ತಿನ್ನುವುದಕ್ಕೆ ಆ ನೀರು ಬೇಕು. ಕಿಟಕಿಯಲ್ಲಿ ಆರು ತಿಂಗಳು ನಿಲ್ಲಬೇಕಾದ್ದಕ್ಕೆ ಅದೇ ಶತ್ರು.

ನಿಮ್ಮೂರಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ಕಣದಲ್ಲಿ ಕಾಫಿ ಒಣಗಿಸುವವರನ್ನು ಕೇಳಿ ನೋಡಿ. ಮೇಲೆ ಒಣಗಿದಂತೆ ಕಂಡಿತು ಎಂದು ಪಾರ್ಚ್‌ಮೆಂಟನ್ನು (ಹೊರಸಿಪ್ಪೆ ತೆಗೆದ ಕಾಫಿ ಬೀಜ) ಯಾರೂ ಚೀಲಕ್ಕೆ ತುಂಬುವುದಿಲ್ಲ, ತೇವ ಶೇ. 10ರ ಹತ್ತಿರಕ್ಕೆ ಇಳಿಯುವ ತನಕ ಹರಡಿ, ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡುತ್ತಾರೆ. ಕರಿಮೆಣಸಿಗೂ ಅದೇ ಪಾಡು. ಹಿಟ್ಟಿನ ಕದಿರೂ ಅದೇ ಜಾತಿಗೆ ಸೇರಿದ್ದು ಅಂದುಕೊಳ್ಳಿ. ಮೈದಾದಿಂದ ಮಾಡಿದ ಯಾವ ವಸ್ತುವೇ ಆಗಲಿ, ತೇವ ಶೇ. 14ರ ಆಸುಪಾಸು ದಾಟಿದರೆ ಬೂಷ್ಟಿಗೆ ದಾರಿ ತೆರೆಯಿತು. ನಾವು ಶೇ. 6ಕ್ಕೆ ಇಳಿಸಿದರೆ ನಡುವೆ ಒಂದಿಷ್ಟು ಉಸಿರಾಡಲು ಜಾಗ ಸಿಗುತ್ತದೆ.

ಹಿಟ್ಟಿನಿಂದಲೇ ಶುರು ಮಾಡೋಣ. ಫ್ರೆಂಚ್ ಬೇಕರಿಯವರು ಇಂಥ ಕೆಲಸಕ್ಕೆ ಬಳಸುವ ಹಿಟ್ಟಿಗೆ ‘ಪಾತ್ ಮೋರ್ತ್’ ಎನ್ನುತ್ತಾರೆ. ಅಂದರೆ ಸತ್ತ ಹಿಟ್ಟು. ಈಸ್ಟ್ ಇಲ್ಲ, ಉಬ್ಬುವುದಿಲ್ಲ, ಅದಕ್ಕೇ ಆ ಹೆಸರು. ಪ್ಯಾರಿಸ್‌ನಲ್ಲಿ 1992ರಿಂದ ನಡೆಯುತ್ತಿರುವ ಬೇಕರಿ ವಿಶ್ವಕಪ್‌ನಲ್ಲಿ ಒಂದೊಂದು ದೇಶದ ತಂಡವೂ ಬ್ರೆಡ್ಡು, ಪಫ್ಫಿನ ಜೊತೆಗೆ ಒಂದು ಕಲಾಕೃತಿಯನ್ನೂ ಮಾಡಿ ನಿಲ್ಲಿಸಬೇಕು. ಆ ಆಳೆತ್ತರದ ಕೃತಿಗಳ ಸಣ್ಣ ಕುಸುರಿಗೆಲ್ಲ ಹೆಚ್ಚಾಗಿ ಈ ಸತ್ತ ಹಿಟ್ಟೇ ಆಧಾರ. ಅವರು ನೀರಿಗೆ ಅಷ್ಟೇ ತೂಕದ ಸಕ್ಕರೆ ಹಾಕಿ ಕುದಿಸಿದ ಪಾಕದಲ್ಲಿ ಹಿಟ್ಟು ಕಲಸುತ್ತಾರೆ. ಸಕ್ಕರೆ ಇದ್ದರೆ ಮೈದಾದ ಜಿಗುಟು ಬಲಿಯುವುದಿಲ್ಲ. ಲಟ್ಟಿಸಿದ್ದು ಲಟ್ಟಿಸಿದಷ್ಟೇ ನಿಲ್ಲುತ್ತದೆ, ಒಣಗಿದ ಮೇಲೆ ಹಲಗೆಯಂತೆ ಗಟ್ಟಿಯಾಗುತ್ತದೆ.

ಆದರೆ ಅವರ ಅಳತೆಯನ್ನು ಹಾಗೆಯೇ ಕೊಡಗಿಗೆ ತರಬೇಡಿ. ನಾನು ಘಟ್ಟದ ಮೇಲೆ ಮಾಡುವಾಗ ಸಕ್ಕರೆ ಇಳಿಸುತ್ತೇನೆ: 700 ಗ್ರಾಂ ಮೈದಾ, 300 ಗ್ರಾಂ ಗೋಧಿ ಹಿಟ್ಟು, 400 ಮಿಲಿ ನೀರಿನಲ್ಲಿ 200 ಗ್ರಾಂ ಸಕ್ಕರೆ ಕರಗಿಸಿ ಒಂದು ಕುದಿ ಬರಿಸಿ ಉಗುರುಬೆಚ್ಚಗೆ ಆರಿಸಿದ ಪಾಕ, ಒಂದು ಚಮಚ ನಿಂಬೆರಸ. ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದಲ್ಲ, ಅದನ್ನು ನಿಂಬೆ ತಡೆಯುತ್ತದೆ. ಚಕ್ಕುಲಿ ಹಿಟ್ಟಿಗಿಂತ ಗಟ್ಟಿ, ನಿಪ್ಪಟ್ಟಿನ ಹಿಟ್ಟಿಗಿಂತ ತುಸು ಮೆದು, ಆ ಹದ. ಕಲಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ರಾತ್ರಿ ಬಿಡಿ. ಬಿಡದೆ ಕೈಹಾಕಿದರೆ ಎಳೆ ಎಳೆದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಕಡುಕಂದು ಬೇಕಾದರೆ ಗೋಧಿ ಹಿಟ್ಟಿನ ಜಾಗದಲ್ಲಿ ರಾಗಿ ಹಿಟ್ಟು ಹಾಕಿ. ಇನ್ನೂ ಕಪ್ಪು ಬೇಕಾದರೆ ನೀರಿನ ಬದಲು ಗಟ್ಟಿ ಡಿಕಾಕ್ಷನ್. ಅರಿಶಿನ ಮೊದಲ ವಾರ ಮಿಂಚುತ್ತದೆ, ಬಿಸಿಲು ಬೀಳುವ ಕಿಟಕಿಯಲ್ಲಿ ಬೇಗ ಬಿಳಚಿಕೊಳ್ಳುತ್ತದೆ. ಬೀಟ್‌ರೂಟಿನ ಕೆಂಪು ಓವನ್ನಿನಲ್ಲೇ ಮಣ್ಣು ಬಣ್ಣವಾಗಿಬಿಡುತ್ತದೆ, ಆ ಆಸೆ ಬಿಡಿ.

ಕೊಡಗಿನ ಜೇನು ಕೈಗೆ ಸಿಗುತ್ತದೆ ಎಂದು ಪಾಕಕ್ಕೆ ಜೇನು ಸೇರಿಸುವವರಿದ್ದಾರೆ. ಬೆಲ್ಲದ ಪಾಕ ಮಾಡಿದರೆ ಬಣ್ಣ ಚೆನ್ನ ಎನ್ನುವವರೂ ಇದ್ದಾರೆ. ಎರಡೂ ಬೇಡ. ಆಷಾಢದಲ್ಲಿ ಡಬ್ಬಿಯೊಳಗಿನ ಬೆಲ್ಲ ನೀರೊಡೆಯುವುದನ್ನು ನಿಮ್ಮ ಅಜ್ಜಿ ಎಷ್ಟು ಸಲ ನೋಡಿಲ್ಲ! ಗಾಳಿಯ ತೇವವನ್ನು ಬಿಳಿ ಸಕ್ಕರೆಗಿಂತ ಬೆಲ್ಲವೂ ಜೇನೂ ಬಹಳ ಬೇಗ ಎಳೆದುಕೊಳ್ಳುತ್ತವೆ.

ಈಗ ಉಪ್ಪಿನ ಹಿಟ್ಟು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲರಿಂದ ಒಂದು ಲೋಟ ನೀರು. ಮಕ್ಕಳಿಗೆ ಆಟಕ್ಕೆ ಕೊಡುವುದು ಇದನ್ನೇ. ಒಣಹವೆಯ ಊರುಗಳಲ್ಲಿ ನಿಜಕ್ಕೂ ವರ್ಷಗಟ್ಟಲೆ ನಿಲ್ಲುತ್ತದೆ, ಉಪ್ಪಿದ್ದರೆ ಹುಳವೂ ಹತ್ತಿರ ಸುಳಿಯುವುದು ಕಡಿಮೆ. ಅದನ್ನೇ ನಂಬಿ ನಾನು ಮಡಿಕೇರಿಯ ಹೋಟೆಲೊಂದರ ಬೇಕರಿಯಲ್ಲಿದ್ದಾಗ ಉಪ್ಪಿನ ಹಿಟ್ಟಿನಲ್ಲಿ ಒಂದು ಆನೆ ಮಾಡಿದ್ದೆ. ಮಾಡಿದ್ದು ಏಪ್ರಿಲ್‌ನಲ್ಲಿ, ಆನೆ ಮೇ ತಿಂಗಳು ಪೂರ್ತಿ ಗತ್ತಿನಿಂದ ನಿಂತಿತ್ತು. ಜುಲೈಯ ಒಂದು ಬೆಳಿಗ್ಗೆ ಬಂದು ನೋಡಿದರೆ ತಟ್ಟೆಯ ತುಂಬ ನೀರು, ಆನೆ ಆ ನೀರಿನಲ್ಲಿ ಮುಂಗಾಲು ಮಡಚಿ ಕೂತಿತ್ತು. ಕ್ಲೀನರ್ ಹುಡುಗ ಯಾರೋ ನೀರು ಚೆಲ್ಲಿದ್ದಾರೆ ಅಂದುಕೊಂಡು ಒರೆಸಿಟ್ಟ. ಮಧ್ಯಾಹ್ನ ಮತ್ತೆ ನೀರು. ಅದು ಆನೆಯೇ ಬಿಟ್ಟ ಬೆವರು. ಅಡಿಗೆ ಉಪ್ಪಿನ ಗುಣವೇ ಹಾಗೆ: ಗಾಳಿಯ ಆರ್ದ್ರತೆ ಶೇ. 75 ದಾಟಿತೆಂದರೆ ಅದು ಗಾಳಿಯಿಂದಲೇ ನೀರು ಹೀರಿ ತಾನೇ ಕರಗತೊಡಗುತ್ತದೆ. ಬಿಳಿ ಸಕ್ಕರೆ ಶೇ. 85ರ ಹತ್ತಿರದ ತನಕ ತಡೆಯುತ್ತದೆ, ಹಿಟ್ಟಿನೊಳಗೆ ಸೇರಿದಾಗ ಅದಕ್ಕಿಂತ ತುಸು ಕಡಿಮೆ. ಮಡಿಕೇರಿಯ ವರ್ಷದ ಮಳೆ 3000 ಮಿಲಿಮೀಟರಿಗೂ ಮೇಲೆ, ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಗಾಳಿ ಶೇ. 90ಕ್ಕಿಂತ ಕೆಳಗಿಳಿಯುವುದನ್ನು ಕಾದು ಕೂರಬೇಕು. ನಿಮ್ಮ ವಿರಾಜಪೇಟೆಯೂ ಹೆಚ್ಚೇನೂ ಬೇರೆಯಲ್ಲ. ಉಪ್ಪಿನ ಹಿಟ್ಟಿಗೆ ಅಲ್ಲಿ ಕೆಲಸವಿಲ್ಲ.

ನನ್ನ ತಕರಾರಿಗೆ ಬರುತ್ತೇನೆ. ನೀವು ಮಾಡಿದ್ದು ಗೋಧಿಯ ತೆನೆ, ಭತ್ತದ್ದಲ್ಲ. ವಿಡಿಯೊಗಳಲ್ಲಿ ಸಿಗುವುದು ಇಂಗ್ಲೆಂಡಿನ ಸುಗ್ಗಿ ಬ್ರೆಡ್ಡು. ಅಲ್ಲಿ ಕೊಯ್ಲು ಮುಗಿದ ಮೇಲೆ ಚರ್ಚಿನಲ್ಲಿಡಲು ಗೋಧಿ ಸಿವುಡಿನ ಆಕಾರದ ದೊಡ್ಡ ಬ್ರೆಡ್ಡು ಮಾಡುತ್ತಾರೆ, ದಂಟಿನ ಮೇಲೆ ಒಂದು ಪುಟ್ಟ ಇಲಿಯನ್ನೂ ಕೂರಿಸುತ್ತಾರೆ. (ನಿಮ್ಮ ಕಟ್ಟಿನ ಬಲಗಡೆ ಒಂದು ಇಲಿ ಕಂಡಿತು, ಬೇಕರಿ ಕಿಟಕಿಯಲ್ಲಿ ಇಲಿಯನ್ನು ತೋರಿಸುವ ಧೈರ್ಯ ನಿಮ್ಮಪ್ಪ ಹೇಗೆ ಮಾಡಿದರೋ!) ಗೋಧಿ ತೆನೆ ನೆಟ್ಟಗೆ ನಿಲ್ಲುತ್ತದೆ, ಕಾಳುಗಳು ಜಡೆ ಹೆಣೆದಂತೆ ಎರಡು ಸಾಲಿನಲ್ಲಿ ಒತ್ತಿಕೊಂಡಿರುತ್ತವೆ. ಅದಕ್ಕೇ ಬೆರಳು ಗಾತ್ರದ ಹಿಟ್ಟಿಗೆ ಕತ್ತರಿಯಿಂದ ಅಲ್ಲಲ್ಲಿ ಚಿಮುಟಿದರೆ ಸಾಕು, ತೆನೆ ಆಗಿಬಿಡುತ್ತದೆ. ಭತ್ತ ಹಾಗಲ್ಲ. ಬಲಿತ ಭತ್ತ ತಲೆಬಾಗುತ್ತದೆ, ಒಂದು ತೆನೆ ಹತ್ತಾರು ಸಣ್ಣ ಕವಲಾಗಿ ಒಡೆದು ಪ್ರತಿ ಕವಲಿನಲ್ಲೂ ಕಾಳು ಬಿಡಿಬಿಡಿಯಾಗಿ ಜೋಲುತ್ತದೆ. ಕೊಡಗಿನಲ್ಲಿ ಗೋಧಿ ಬೆಳೆಯುವವರಿಲ್ಲ. ರೋಹಿಣಿ ನಕ್ಷತ್ರ ನೋಡಿ, ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತುಮಾಡಿ, ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಗದ್ದೆಯಿಂದ ತರುವ ಕದಿರು ಭತ್ತದ್ದು. ಗದ್ದೆಗೆ ಇಳಿದವರಿಗೆ ನಿಮ್ಮ ಕಿಟಕಿ ನೋಡಿದ ತಕ್ಷಣ ಏನೋ ಸರಿಯಿಲ್ಲ ಅನ್ನಿಸಿರುತ್ತದೆ, ಏನೆಂದು ಹೇಳಿರಲಿಕ್ಕಿಲ್ಲ.

ಭತ್ತದ ತೆನೆ ಮಾಡುವುದು ತಾಳ್ಮೆಯ ಕೆಲಸ. ಮೊದಲು ಅರ್ಧ ಅಂಗುಲಕ್ಕಿಂತ ತೆಳ್ಳಗೆ, ಎಂಟು ಮಿಲಿಮೀಟರ್ ದಪ್ಪಕ್ಕೆ, ಲಟ್ಟಿಸಿದ ಹಲಗೆ. ಕೆಳಗೆ ಕಿರಿದು, ಮೇಲೆ ಬೀಸಣಿಗೆಯಂತೆ ಅಗಲ. ಅದರ ಮೈತುಂಬ ಫೋರ್ಕಿನಿಂದ ಚುಚ್ಚಿ, ಇಲ್ಲದಿದ್ದರೆ ಆವಿ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಮೇಲೆ ದಂಟುಗಳು: ಶ್ಯಾವಿಗೆಗಿಂತ ತುಸು ದಪ್ಪದ, ಮೂರು ನಾಲ್ಕು ಮಿಲಿಮೀಟರಿನ ಎಳೆಗಳು. ಶ್ಯಾವಿಗೆ ಒರಳಿನಲ್ಲಿ, ಚಕ್ಕುಲಿ ಒತ್ತಿನ ಒಂದು ತೂತಿನ ಬಿಲ್ಲೆ ಹಾಕಿ ಒತ್ತಿದರೆ ಒಂದೇ ಸಮ ಬರುತ್ತವೆ, ಅಂಗೈಯಲ್ಲಿ ಹೊಸೆಯುತ್ತ ಕೂರಬೇಕಿಲ್ಲ. ತುದಿಗಳನ್ನು ಹೊರಕ್ಕೆ ಬಾಗಿಸಿ ಹಲಗೆಯ ಅಂಚು ದಾಟಿಸಿ ಬಿಡಿ. ಕಾಳಿಗೆ ಇನ್ನೂ ತೆಳ್ಳನೆಯ ಎಳೆಯನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸುತ್ತ ಹೋಗಿ, ಎರಡೂ ತುದಿ ಚೂಪಾಗುತ್ತದೆ. ನಿಜವಾದ ತೆನೆಯಲ್ಲಿ ನೂರಕ್ಕೂ ಹೆಚ್ಚು ಕಾಳಿದ್ದರೂ ಕಣ್ಣಿಗೆ ಇಪ್ಪತ್ತೈದು ಮೂವತ್ತು ಸಾಕು. ಮೊಟ್ಟೆಯ ಬಿಳಿ ಸವರಿ ಚಿಮಟದಲ್ಲಿ ಒಂದೊಂದೇ ಅಂಟಿಸುವುದು. ಮೊಟ್ಟೆ ಬಳಸದ ಬೇಕರಿಯಾದರೆ ಮೈದಾ ಅಂಟೂ ನಡೆಯುತ್ತದೆ. ಹದಿನೈದು ತೆನೆಗೆ ನನಗೆ ಎರಡು ಸಂಜೆ ಹಿಡಿಯುತ್ತದೆ. ಕದಿರನ್ನು ಬೆಸ ಸಂಖ್ಯೆಯಲ್ಲಿ ಕೊಯ್ಯುವುದು ಗದ್ದೆಯ ರೂಢಿ, ಕಿಟಕಿಯಲ್ಲೂ ಅದನ್ನು ಉಳಿಸಿಕೊಳ್ಳಿ, ತಿಳಿದವರು ಎಣಿಸುತ್ತಾರೆ.

ಬಣ್ಣಕ್ಕೆ ಮೊಟ್ಟೆಯ ಹಳದಿಗೆ ಚಿಟಿಕೆ ಉಪ್ಪು ಹಾಕಿ ಕದಡಿ ಸವರಬಹುದು, ಇಲ್ಲವೇ ಹಾಲು ಸಕ್ಕರೆ. ದಂಟಿಗೆ ಹಾಲು, ಕಾಳಿಗೆ ಮೊಟ್ಟೆ ಎಂದು ಬೇರೆ ಮಾಡಿದರೆ ಎರಡು ಛಾಯೆ ತಾನಾಗಿ ಬರುತ್ತದೆ.

ಇನ್ನು ಒಣಗಿಸುವುದು. ಇಲ್ಲಿ ನಿಮಗೆ ದೊಡ್ಡ ಪಟ್ಟಣದ ಬೇಕರಿಯವರಿಗಿಲ್ಲದ ಅನುಕೂಲ ಒಂದಿದೆ: ಬೋರ್ಮ. ಆ ಹೆಸರೇ ಘಾಟಿಯ ಕೆಳಗಿನಿಂದ ಹತ್ತಿ ಬಂದದ್ದು. ಕೊಡಗಿನ ಬೇಕರಿಗಳಿಗೆ ಒಂದು ಕಡೆ ಹಾಸನದ ಅಯ್ಯಂಗಾರ್ ಬೇಕರಿಗಳ ನಂಟು, ಇನ್ನೊಂದು ಕಡೆ ತಲಶ್ಶೇರಿಯ ನಂಟು. ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1883ರಲ್ಲಿ ಈ ದೇಶದ ಮೊದಲ ಕ್ರಿಸ್‌ಮಸ್ ಕೇಕ್ ಮಾಡಿದರು ಎಂಬುದು ಆ ಕಡೆಯ ಬೇಕರಿಯವರೆಲ್ಲ ಹೆಮ್ಮೆಯಿಂದ ಹೇಳುವ ಮಾತು. ಇರಲಿ. ಕರೆಂಟ್ ಓವನ್ ಒಂದೇ ಬಿಸಿಯನ್ನು ಹಿಡಿದಿಡುತ್ತದೆ. ಬೋರ್ಮ ಹಾಗಲ್ಲ, ಕೆಂಡ ತೆಗೆದ ಮೇಲೆ ರಾತ್ರಿಯಿಡೀ ನಿಧಾನವಾಗಿ ಆರುತ್ತದೆ. ಹಿಟ್ಟಿನ ಕೆಲಸಕ್ಕೆ ಬೇಕಾದದ್ದು ಈ ಆರುವ ಬಿಸಿಯೇ. ಮೊದಲು ಕರೆಂಟ್ ಓವನ್‌ನಲ್ಲಿ 150 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ, ಬಣ್ಣ ಬರುವ ತನಕ ಮಾತ್ರ. ಬಣ್ಣ ಬೇಗ ಬಂದ ತೆನೆಗಳಿಗೆ ಫಾಯಿಲ್ ಮುಚ್ಚಿ. ಆಮೇಲೆ ರಾತ್ರಿಯ ಕೊನೆಯ ಬನ್ನು ತೆಗೆದು ಬೋರ್ಮ 100 ಡಿಗ್ರಿಯ ಹತ್ತಿರ ಇಳಿದಾಗ ಒಳಗಿಟ್ಟು ಬೆಳಿಗ್ಗೆ ತೆಗೆಯಿರಿ. ಮಾರನೆಯ ರಾತ್ರಿ ಮಗುಚಿ ಹಾಕಿ ಮತ್ತೆ ಇಡಿ; ಹಿಂಬದಿ ಒಣಗಿರುವುದಿಲ್ಲ. ನಿಮಗೆ ಬೂಷ್ಟು ಹಿಡಿದದ್ದು ಹಿಂಬದಿಗೇ ಎಂದು ಬರೆದಿದ್ದೀರಿ, ಗಮನಿಸಿದಿರಾ? ಹೀಗೆ ಮೂರು ನಾಲ್ಕು ರಾತ್ರಿ. ಅವಸರ ಮಾಡಿ ಬಿಸಿ ಏರಿಸಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಕೆಲವು ಸಲ ಕಿಟಕಿಯಲ್ಲಿ ನಿಂತ ಮೇಲೆ ಹಲಗೆ ನಡುವೆ ಪಟ್ಟೆಂದು ಸೀಳುತ್ತದೆ.

ಒಣಗಿತೋ ಇಲ್ಲವೋ ಎಂದು ಬೆರಳಿನಿಂದ ತಟ್ಟಿ ಹೇಳುವ ಚಾಣಾಕ್ಷತನ ನನಗಿನ್ನೂ ಬಂದಿಲ್ಲ. ತಕ್ಕಡಿಯನ್ನು ನಂಬುತ್ತೇನೆ. ಮೇಲೆ ಹೇಳಿದ ಅಳತೆಯ ಹಿಟ್ಟು ಒಟ್ಟು 1600 ಗ್ರಾಂ. ಹಿಟ್ಟಿನಲ್ಲಿ ಮೊದಲೇ ಶೇ. 13ರಷ್ಟು ತೇವ ಇರುತ್ತದೆ, ಅದನ್ನು ಕಳೆದರೆ ಹಿಟ್ಟಿನ ಒಣ ತೂಕ 870 ಗ್ರಾಂ, ಸಕ್ಕರೆ 200, ಕೂಡಿ 1070. ಪೂರ್ತಿ ಹಿಟ್ಟನ್ನೂ ಬಳಸಿದ್ದರೆ ನಿಮ್ಮ ಕದಿರು 1140 ಗ್ರಾಂನ ಹತ್ತಿರಕ್ಕೆ ಇಳಿಯಬೇಕು. ಆಗ ಉಳಿದ ನೀರು ಶೇ. 6. ಮುಟ್ಟಲು ಕಲ್ಲಿನಂತಿದ್ದರೂ ತಕ್ಕಡಿ 1250 ತೋರಿಸಿದರೆ ಒಳಗೆ ಇನ್ನೂ ಶೇ. 14ಕ್ಕೂ ಹೆಚ್ಚು ನೀರು ಕೂತಿದೆ ಎಂದು ಲೆಕ್ಕ. ದಿನಾ ಬೆಳಿಗ್ಗೆ ಬೋರ್ಮದಿಂದ ತೆಗೆದ ಕೂಡಲೇ ತೂಗಿ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಅಂಕಿ ಇಳಿಯುತ್ತಿರುವಷ್ಟು ದಿನ ಬೋರ್ಮ ಬಿಡಿಸಬೇಡಿ.

ವಾರ್ನಿಷ್ ಹೊಡೆದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದ್ದೀರಿ. ನಿಮ್ಮ ಕಳೆದ ಸಲದ ಕದಿರಿಗೆ ಹೊಡೆದಿದ್ದರೆ ಇನ್ನೂ ಬೇಗ ಕೆಡುತ್ತಿತ್ತು. ತೇವವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಸರಿಯಾಗಿ ಒಣಗಿದ್ದಕ್ಕೆ ಲೇಪ ಒಂದಿಷ್ಟು ಸಹಾಯ ಮಾಡುತ್ತದೆ. ತೇವ ಒಳಹೋಗುವುದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬಳಸುವುದಾದರೆ ಮಿಠಾಯಿಯವರು ಹೊಳಪಿಗೆ ಬಳಸುವ, ತಿನ್ನಲು ಯೋಗ್ಯ ದರ್ಜೆಯ ಅರಗಿನ (ಶೆಲಾಕ್) ದ್ರಾವಣವೇ ಆಗಲಿ. ಬಡಗಿಗಳ ಫ್ರೆಂಚ್ ಪಾಲಿಶ್ ಕೂಡ ಅರಗೇ, ಆದರೆ ಅದರ ಸ್ಪಿರಿಟ್ ವಿಷ; ಬೋರ್ಮ ಉರಿಯುವ ಕೋಣೆಯಲ್ಲಿ ಅದರ ಬಾಟಲಿ ತೆರೆಯುವ ಮಾತೇ ಬೇಡ. ಮುಂದೆ, ಹಿಂದೆ, ಬುಡ ಎಲ್ಲಕ್ಕೂ ತೆಳ್ಳಗೆ ಮೂರು ಸಲ. ಮೋಡ ಕವಿದ ದಿನ ಅರಗು ಬಳಿದರೆ ಹಾಲು ಚೆಲ್ಲಿದಂತೆ ಬಿಳಿ ಮಂಕು ಕೂರುತ್ತದೆ. ಬಿಸಿಲಿರುವ ಮಧ್ಯಾಹ್ನವೇ ಆಗಬೇಕು.

ಆದರೆ ನನ್ನನ್ನು ಕೇಳಿದರೆ ಬಳಿಯಬೇಡಿ. ಒಂದು, ಬ್ರೆಡ್ಡಿನ ಮೈ ಬ್ರೆಡ್ಡಿನಂತೆ ಕಾಣಬೇಕು; ವಾರ್ನಿಷ್ ಹೊಡೆದ ಕದಿರು ದೂರದಿಂದ ಪ್ಲಾಸ್ಟಿಕ್ ಅನ್ನಿಸುತ್ತದೆ, ಆಮೇಲೆ ಹಿಟ್ಟಿನಲ್ಲಿ ಮಾಡಿ ಏನು ಬಂತು? ಎರಡನೆಯದು ಇನ್ನೂ ಮುಖ್ಯ. ಬಳಿಯದ ಕೃತಿಯನ್ನು ತಿಂಗಳಿಗೊಮ್ಮೆ ಬೋರ್ಮದ ಆರುವ ಬಿಸಿಗೆ ಮತ್ತೆ ಹಾಕಿ ಒಣಗಿಸಬಹುದು. ಅರಗು ಬಳಿದದ್ದನ್ನು ಹಾಕಿದರೆ ಅರಗು ಮೆತ್ತಗಾಗಿ ತಟ್ಟೆಗೆ ಅಂಟುತ್ತದೆ. ಪಕ್ಕದಲ್ಲೇ ಬೋರ್ಮ ಇರುವವರಿಗೆ ಬಳಿಯದೆ ಬಿಡುವುದೇ ಲಾಭ.

ಫೆಬ್ರವರಿಯ ತೂತುಗಳಿಗೂ ಮದ್ದು ಇದೇ. ಅದು ಮೂರು ಮಿಲಿಮೀಟರಿನಷ್ಟು ಪುಟ್ಟ ಕಂದು ದುಂಬಿಯ ಕೆಲಸ. ಇದರ ವೈಜ್ಞಾನಿಕ ಹೆಸರು ಸ್ಟೆಗೋಬಿಯಂ ಪ್ಯಾನಿಸಿಯಂ, ಲ್ಯಾಟಿನ್‌ನಲ್ಲಿ ‘ಪಾನಿಸ್’ ಎಂದರೆ ಬ್ರೆಡ್ಡು. ಹೆಸರಿನಲ್ಲೇ ಊಟ ಬರೆದುಕೊಂಡು ಬಂದಿದೆ. ಮೆಣಸಿನಕಾಯಿ, ಅರಿಶಿನ, ಔಷಧದ ಬೇರು, ಹಳೆ ಪುಸ್ತಕದ ಅಂಟು ಯಾವುದನ್ನೂ ಬಿಡದು. ಮರಿಹುಳು ಒಳಗೊಳಗೇ ತಿಂದು ದುಂಬಿಯಾಗಿ ಹೊರಬರುವಾಗ ಮಾಡಿದ ಬಾಗಿಲೇ ನೀವು ಕಂಡ ತೂತು. ಅಂದರೆ ನೀವು ನೋಡುವ ಹೊತ್ತಿಗೆ ಅದರ ಸಂಸಾರ ಹಿಟ್ಟಿನ ಗೋದಾಮು ಸೇರಿಯಾಗಿರುತ್ತದೆ. ನನಗೆ ಕದಿರಿಗಿಂತ ನಿಮ್ಮ ಮೈದಾ ಚೀಲಗಳದೇ ಚಿಂತೆ. ಕಿಟಕಿಯ ಹಳೆ ಕಾಗದ, ಸಂದಿಯ ಪುಡಿ ಎಲ್ಲ ತೆಗೆದು ಹೊರಗೆ ಸುಟ್ಟುಬಿಡಿ, ಔಷಧ ಸಿಂಪಡಿಸುವುದು ಮಾತ್ರ ಬೇಡ. ಒಳತಿರುಳಿನ ತನಕ 60 ಡಿಗ್ರಿ ಬಿಸಿ ಒಂದು ಗಂಟೆ ತಟ್ಟಿದರೆ ಮೊಟ್ಟೆ, ಮರಿ, ದುಂಬಿ ಎಲ್ಲವೂ ಸಾಯುತ್ತವೆ. ತಿಂಗಳಿಗೊಂದು ರಾತ್ರಿ ಬೋರ್ಮಕ್ಕೆ ಹೋಗಿ ಬರುವ ಕದಿರಿಗೆ ಈ ಕಾಟ ಇರದು. ಬೋರ್ಮಕ್ಕೆ ಹಾಕಲಾಗದ ತುಂಡಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಐಸ್‌ಕ್ರೀಮ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಸುತ್ತು ಬಿಚ್ಚಬಾರದು, ಬಿಚ್ಚಿದರೆ ಮೈಮೇಲೆ ಇಬ್ಬನಿ ಇಳಿಯುತ್ತದೆ.

ಇಬ್ಬನಿ ಅಂದಾಗ ಕಿಟಕಿ ನೆನಪಾಯಿತು. ನಿಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಶುರು, ಒಳಗೆ ಬ್ರೆಡ್ಡಿನ ಆವಿ, ಹೊರಗೆ ಡಿಸೆಂಬರಿನ ಚಳಿ. ಗಾಜಿನ ಒಳಮೈ ಬೆವರಿ ಹನಿ ಕೆಳಗಿಳಿದು ಕಟ್ಟೆಯ ಮೇಲೆ ನಿಲ್ಲುತ್ತದೆ. ಕದಿರು ಗಾಜಿನಿಂದ ಒಂದು ಗೇಣು ದೂರ, ಕಟ್ಟೆಯಿಂದ ಎರಡು ಅಂಗುಲ ಎತ್ತರ ಇರಲಿ. ಮೊದಲೆಲ್ಲ ಕಿಟಕಿಯಲ್ಲಿ 40 ವ್ಯಾಟಿನ ಹಳದಿ ಬಲ್ಬು ಉರಿಯುತ್ತಿತ್ತು, ಅದರ ಬಿಸಿಗೇ ಗಾಳಿ ಒಣಗಿರುತ್ತಿತ್ತು. ಎಲ್‌ಇಡಿ ಬಂದ ಮೇಲೆ ಬೆಳಕಿದೆ, ಬಿಸಿಯಿಲ್ಲ. ಅಪ್ಪನ ಹಳೆ ಬಲ್ಬು ಎಲ್ಲಾದರೂ ಇದ್ದರೆ ರಾತ್ರಿ ಹೊತ್ತು ಹಾಕಿ.

ವರ್ಷವಿಡೀ ಇಡಲೇಬೇಕೆಂದರೆ ಸಂದಿಯಿಲ್ಲದ ಗಾಜಿನ ಪೆಟ್ಟಿಗೆ, ತಳದಲ್ಲಿ ಅರ್ಧ ಕಿಲೊ ಸಿಲಿಕಾ ಜೆಲ್ ಬೇಕು. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಆಹಾರದ ಜಾಗಕ್ಕೆ ತರಬಾರದು. ಕಿತ್ತಳೆ ಹೋಗಿ ಹಸಿರಾದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆಗುತ್ತದೆ, ಆದರೆ ಏಕೆ? ಕದಿರು ಹುತ್ತರಿಗೆ ಬರಲಿ, ಶಿವರಾತ್ರಿಗೋ ಹೆಚ್ಚೆಂದರೆ ಯುಗಾದಿಗೋ ಇಳಿಯಲಿ. ಜೂನ್‌ನಲ್ಲಿ ಕದಿರು ನೋಡುವವರು ಯಾರು? ಆಗ ಗದ್ದೆಯಲ್ಲಿ ಸಸಿಮಡಿ ಕೆಲಸ.

ದಸರಾ ಮಂಟಪ ಇದಕ್ಕಿಂತ ಕಷ್ಟ, ಏಕೆಂದರೆ ಮಾಡುವುದು ಸೆಪ್ಟೆಂಬರ್ ಕೊನೆಯ ತೇವದಲ್ಲಿ. ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳ ಹಾಗೆ ಚಲಿಸುವ ಬೊಂಬೆ, ದೀಪಗಳ ಕಡೆ ಕಣ್ಣು ಹಾಕಬೇಡಿ. ಒಂದಡಿಯ ನಾಲ್ಕು ಕಂಬ, ಒಂದು ಗೋಪುರ, ಒಂದು ಪ್ರಭಾವಳಿ ಸಾಕು. ಗೋಡೆಯ ಹಲಗೆಗಳನ್ನು ಎರಡು ತಟ್ಟೆಗಳ ನಡುವೆ ಒತ್ತಿ ಒಣಗಿಸಿದರೆ ಸೊಟ್ಟಗಾಗುವುದಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳಿದ್ದರೆ ಹಿಟ್ಟು ಉದುರಿಸಿ ಅದರಲ್ಲೇ ಕಲಶ, ಹೂವು ಒತ್ತಿ ತೆಗೆಯಬಹುದು, ಅಚ್ಚುಕಟ್ಟಾಗಿ ಬರುತ್ತವೆ. ಜೋಡಿಸಲು ಎಲ್ಲರೂ ಕಾಯಿಸಿದ ಸಕ್ಕರೆಯನ್ನು ತೋರಿಸುತ್ತಾರೆ. ನಿಮ್ಮ ಹವೆಯಲ್ಲಿ ಅದು ನಾಲ್ಕೇ ದಿನಕ್ಕೆ ಜಿನುಗಿ ಗೋಪುರ ಜಾರುತ್ತದೆ. ಮೊಟ್ಟೆಯ ಬಿಳಿಗೆ ಮೈದಾ ಕಲಸಿದ ಅಂಟು ಹಚ್ಚಿ ಮತ್ತೊಮ್ಮೆ ಬೋರ್ಮಕ್ಕೆ ಹಾಕಿ. ಒಂದು ಮಾತು: ಒಳಗೆ ದೇವರ ಮೂರ್ತಿ ಮಾಡಬೇಡಿ. ಹಬ್ಬ ಕಳೆದ ಮೇಲೆ ಮೂಗು ಉದುರಿದ ದೇವಿಯನ್ನು ಎಲ್ಲಿಡುತ್ತೀರಿ?

ಗಿರಾಕಿಗಳು ‘ಇದನ್ನ ತಿನ್ನಬಹುದಾ’ ಎಂದು ಕೇಳುತ್ತಾರಂತೂ ಖಂಡಿತ. ಪಕ್ಕದಲ್ಲಿ ‘ನೋಡಲು ಮಾತ್ರ’ ಎಂದು ಒಂದು ಚೀಟಿ ನಿಲ್ಲಿಸಿ. ಪದಾರ್ಥ ತಿನ್ನುವುದೇ ಆದರೂ ತಿಂಗಳುಗಟ್ಟಲೆ ಧೂಳು ಕುಡಿದದ್ದು. ಮಾರುವ ಬನ್ನು ಬಿಸ್ಕತ್ತಿನ ಜೊತೆ ಒಂದೇ ಹಲಗೆಯ ಮೇಲೆ ಇಡುವುದೂ ಬೇಡ.

ಅಜ್ಜಿಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ; ಅವರ ವಯಸ್ಸಿನವರು ರೇಷನ್ ಸಾಲಿನಲ್ಲಿ ನಿಂತು ಹಿಟ್ಟು ತಂದವರು. ಒಂದು ಬಿಡುವಿನ ದಿನ ಅವರನ್ನು ಕುಶಾಲನಗರ ದಾಟಿ ಬೈಲಕುಪ್ಪೆಗೆ ಕರೆದುಕೊಂಡು ಹೋಗಿ. ಅಲ್ಲಿನ ಟಿಬೆಟನ್ ಮಠದಲ್ಲಿ ಪೂಜೆಗೆ ಇಡುವ ‘ತೊರ್ಮಾ’ ತೋರಿಸಿ. ಹುರಿದ ಬಾರ್ಲಿ ಹಿಟ್ಟಿಗೆ ಬೆಣ್ಣೆ ಸೇರಿಸಿ ಮಾಡಿದ ಶಿಖರಗಳು, ಮೇಲೆ ಬಣ್ಣದ ಬೆಣ್ಣೆಯ ಹೂಗಳು. ದೂರದ ಸಿಸಿಲಿಯ ಸಲೇಮಿ ಎಂಬ ಊರಿನಲ್ಲೂ ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಹೂವು, ಹಕ್ಕಿ, ಹಣ್ಣಿನ ಆಕಾರದ ಪುಟ್ಟ ಬ್ರೆಡ್ಡುಗಳಿಂದಲೇ ಮಂಟಪ ಸಿಂಗರಿಸುತ್ತಾರೆ. ನಮ್ಮಲ್ಲಿ ತಂಬಿಟ್ಟಿನ ದೀಪ ಮಾಡುವುದಿಲ್ಲವೇ? ಹಿಟ್ಟು ಆಕಾರವಾಗುವುದು ಅಜ್ಜಿಗೆ ಹೊಸದಲ್ಲ, ಅದು ಆಮೇಲೆ ಯಾರ ಹೊಟ್ಟೆಗೂ ಸೇರದೆ ಬೂಷ್ಟು ಹಿಡಿದು ತಿಪ್ಪೆಗೆ ಹೋದದ್ದು ಅವರನ್ನು ಚುಚ್ಚಿರಬೇಕು.

ಅದಕ್ಕೂ ಒಂದು ದಾರಿಯಿದೆ. ವಾರ್ನಿಷ್ ಮುಟ್ಟದ, ಬೂಷ್ಟು ಹತ್ತದ ಕದಿರನ್ನು ಯುಗಾದಿಯ ಹಿಂದಿನ ದಿನ ಇಳಿಸಿ, ಧೂಳು ಒರೆಸಿ, ಸುತ್ತಿಗೆಯಿಂದ ಪುಡಿ ಮಾಡಿಡಿ. ದಿನಕ್ಕೊಂದು ಹಿಡಿಯಂತೆ ಹಿಂದಿನ ರಾತ್ರಿಯೇ ನೆನೆಹಾಕಿ, ಕಲಗಚ್ಚಿಗೆ ಬೆರೆಸಿ ಹಸುವಿಗೆ ಕೊಡಬಹುದು, ಒಟ್ಟಿಗೆ ಕೊಟ್ಟರೆ ಹೊಟ್ಟೆ ಕೆಡುತ್ತದೆ. ಆ ಕೆಲಸ ಅಜ್ಜಿಗೇ ಬಿಡಿ.